ಲಕೋಟೆಗೊಂದು ಆಸರೆ: ಪ್ರಿಂಟರ್ ಮುಂದೆ ಸ್ಟ್ಯಾಂಡ್ ಬಂದು ನಿಂತದ್ದು ಹೇಗೆ

ಎ4 ಹಾಳೆಯನ್ನು ಸಾವಿರಗಟ್ಟಲೆ ತಕರಾರಿಲ್ಲದೆ ಮುದ್ರಿಸುವ ಪ್ರಿಂಟರ್, ಒಂದು ಕಟ್ಟು ಲಕೋಟೆ ಇಟ್ಟ ಕೂಡಲೇ ಹಟ ಹಿಡಿಯುತ್ತದೆ. ಒಂದು ವಾರೆಯಾಗಿ ಒಳಗೆ ಹೋಗುತ್ತದೆ. ಅದರ ಹಿಂದೆ ಎರಡು ಜೋಡಿಯಾಗಿ ಹೋಗುತ್ತವೆ. ಆಮೇಲಿನದು ಜಾಗ ಬಿಟ್ಟು ಕದಲುವುದೇ ಇಲ್ಲ. ಇದಕ್ಕೆ ದಾರಿ ಹುಡುಕಿದರೆ ಫೀಡರ್, ವೆಡ್ಜ್, ಟ್ರೇ ಎಕ್ಸ್‌ಟೆನ್ಷನ್, ಕ್ಯಾಚ್ ಟ್ರೇ, ಎತ್ತರ ಬದಲಿಸಬಹುದಾದ ಸ್ಟ್ಯಾಂಡ್ ಅಂತ ಹತ್ತಾರು ಹೆಸರು ಎದುರಾಗುತ್ತವೆ. ಯಾವುದು ಯಾವ ತೊಂದರೆಗೆ ಅನ್ನುವುದು ಮಾತ್ರ ಎಲ್ಲೂ ಒಂದೇ ಕಡೆ ಸಿಗುವುದಿಲ್ಲ. ಈ ಗೋಜಲು ಹೇಗೆ ಹುಟ್ಟಿತು ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ಲಕೋಟೆಯನ್ನೇ ನೋಡೋಣ. ಚದರ ಮೀಟರಿಗೆ 80 ಗ್ರಾಂ ತೂಗುವ ಸಾಮಾನ್ಯ ಹಾಳೆ ಸುಮಾರು 0.1 ಮಿಲಿಮೀಟರ್ ದಪ್ಪ. ಅದರ ದಪ್ಪ ಎಲ್ಲ ಕಡೆ ಒಂದೇ. ಲಕೋಟೆ ಹಾಗಲ್ಲ. ಅದರ ಮೈ ಎರಡು ಪದರ. ಅಂಟಿಸಿದ ಜಾಗದಲ್ಲಿ ಮೂರು ಪದರ. ಮುಚ್ಚಳ ಅದರ ಮೇಲೆ ಬಂದು ಕೂತರೆ ನಾಲ್ಕು. ನೂರು ಲಕೋಟೆ ಒಂದರ ಮೇಲೊಂದು ಇಡಿ. ಎರಡೇ ಪದರ ಇರುವ ಕಡೆ ಕಟ್ಟು ಸುಮಾರು 20 ಮಿಲಿಮೀಟರ್ ಎತ್ತರ ಬರಬೇಕು. ಮೂರು ಪದರ ಇರುವ ಕಡೆ ಸುಮಾರು 30 ಆಗುತ್ತದೆ. ಇದು ಒಳಗಿನ ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೇಳಿದ್ದು. ಅಂದರೆ ಕಟ್ಟು ದೊಡ್ಡದಾದಷ್ಟೂ ಅದು ಒಂದು ಕಡೆಗೆ ವಾಲುತ್ತದೆ, ಇಲ್ಲವೇ ನಡುವೆ ಉಬ್ಬುತ್ತದೆ. ಮೇಲಿನ ಲಕೋಟೆಗೂ ಕೆಳಗಿನ ಲಕೋಟೆಗೂ ಕೂತ ಕೋನವೇ ಬೇರೆ. ಹಾಳೆ ಎತ್ತುವ ರೋಲರ್‌ಗೆ ಇದು ಗೊತ್ತಾಗುವುದಿಲ್ಲ. ಅದು ಪ್ರತಿ ಸಲವೂ ಸಮತಟ್ಟಾದ ಮೇಲ್ಮೈಯನ್ನೇ ಕೇಳುತ್ತದೆ.

ಲಕೋಟೆ ಹುಟ್ಟಿದಾಗ ಈ ಪ್ರಶ್ನೆಯೇ ಇರಲಿಲ್ಲ. ಬ್ರಿಟನ್ನಿನಲ್ಲಿ ಮೊದಲು ಟಪಾಲಿನ ದರವನ್ನು ದೂರ ಮತ್ತು ಹಾಳೆಗಳ ಲೆಕ್ಕದಲ್ಲಿ ವಸೂಲಿ ಮಾಡುತ್ತಿದ್ದರು. ಲಕೋಟೆ ಹಾಕಿದರೆ ಅದೂ ಒಂದು ಹಾಳೆಯ ಲೆಕ್ಕಕ್ಕೆ ಸೇರುತ್ತಿತ್ತು. ಹಾಗಾಗಿ ಜನ ಕಾಗದವನ್ನೇ ಮಡಚಿ ಅರಗಿನ ಮುದ್ರೆ ಒತ್ತಿ ಕಳಿಸುತ್ತಿದ್ದರು. ರೋಲೆಂಡ್ ಹಿಲ್ ಅವರ ಸುಧಾರಣೆಯಿಂದ 1840ರಲ್ಲಿ ಪೆನ್ನಿ ಅಂಚೆ ಬಂತು, ದರ ತೂಕದ ಮೇಲೆ ನಿಂತಿತು, ಲಕೋಟೆಗೆ ದಾರಿ ತೆರೆಯಿತು. 1845ರಲ್ಲಿ ಅವರ ಅಣ್ಣ ಎಡ್ವಿನ್ ಹಿಲ್ ಮತ್ತು ವಾರನ್ ಡೆ ಲಾ ರೂ ಲಕೋಟೆ ಮಡಚುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಮಡಚುವ ಕೆಲಸ ಯಂತ್ರಕ್ಕೆ ಹೋಯಿತು. ವಿಳಾಸ ಬರೆಯುವ ಕೆಲಸ ಕೈಯಲ್ಲೇ ಉಳಿಯಿತು. ಟೈಪ್‌ರೈಟರ್ ಬಂದ ಮೇಲೂ ಲಕೋಟೆಯನ್ನು ಒಂದೊಂದಾಗಿ ಉರುಳೆಗೆ ಸೇರಿಸುತ್ತಿದ್ದದ್ದು ಮನುಷ್ಯನ ಬೆರಳುಗಳೇ. ವಾಲಿದ್ದು, ಉಬ್ಬಿದ್ದು ಎಲ್ಲವನ್ನೂ ಆ ಬೆರಳುಗಳೇ ಸರಿಪಡಿಸುತ್ತಿದ್ದವು.

ಮುಂದಿನ ನೂರು ವರ್ಷದಲ್ಲಿ ನಡೆದದ್ದನ್ನು ಒಂದೇ ಮಾತಲ್ಲಿ ಹೇಳಬಹುದು: ಲಕೋಟೆಯ ಮೇಲೆ ಮುದ್ರಿಸುವ ಕಷ್ಟವನ್ನು ಬಿಡಿಸುವ ಬದಲು ಅದರಿಂದ ತಪ್ಪಿಸಿಕೊಳ್ಳುವ ದಾರಿಗಳು ಹುಟ್ಟಿದವು. 1902ರಲ್ಲಿ ಅಮೆರಿಕದ ಅಮೇರಿಕಸ್ ಕ್ಯಾಲಹನ್ ಕಿಟಕಿ ಲಕೋಟೆಗೆ ಪೇಟೆಂಟ್ ಪಡೆದರು. ಒಳಗಿನ ಕಾಗದದ ವಿಳಾಸವೇ ಹೊರಗೆ ಕಂಡರೆ ಲಕೋಟೆ ಮುದ್ರಿಸುವ ಗೋಜೇ ಇಲ್ಲ. 1935ರಲ್ಲಿ ಸ್ಟಾಂಟನ್ ಏವರಿ ತಾನೇ ಅಂಟಿಕೊಳ್ಳುವ ಲೇಬಲ್ ತಂದರು. ಎರಡೂ ಒಳ್ಳೆಯ ಉಪಾಯಗಳೇ. ಆದರೆ ಆಮಂತ್ರಣ ಪತ್ರಕ್ಕೆ ಕಿಟಕಿ ಲಕೋಟೆ ಯಾರು ಬಳಸುತ್ತಾರೆ? ನೇರವಾಗಿ ಲಕೋಟೆಯ ಮೇಲೇ ಅಚ್ಚು ಬೇಕು ಅನ್ನುವವರು ಯಾವತ್ತೂ ಇದ್ದರು, ಈಗಲೂ ಇದ್ದಾರೆ.

ಕಂಪ್ಯೂಟರ್ ಪ್ರಿಂಟರ್‌ಗಳ ಮೊದಲ ಕಾಲ ಅಷ್ಟೇನೂ ಕೆಟ್ಟದಿರಲಿಲ್ಲ. ಡಾಟ್ ಮ್ಯಾಟ್ರಿಕ್ಸ್ ಯಂತ್ರಗಳಿಗೆ ಅಂಚಿನಲ್ಲಿ ತೂತುಗಳಿದ್ದ ಉದ್ದನೆಯ ಕಾಗದ ಇರುತ್ತಿತ್ತಲ್ಲ, ಅದೇ ರೀತಿ ಸಾಲಾಗಿ ಜೋಡಿಸಿದ ಲಕೋಟೆಗಳೂ ಸಿಗುತ್ತಿದ್ದವು. ತೂತಿಗೆ ಹಲ್ಲು ಸಿಕ್ಕಿಸಿ ಎಳೆಯುವುದರಿಂದ ಜಾರುವ ಭಯ ಇರಲಿಲ್ಲ. ಕಷ್ಟ ಜಾಸ್ತಿಯಾದದ್ದು ಬಿಡಿ ಹಾಳೆಯನ್ನು ರಬ್ಬರ್ ರೋಲರ್ ಎತ್ತಿಕೊಳ್ಳುವ ಕಾಲ ಬಂದಾಗ.

1984ರಲ್ಲಿ ಎಚ್‌ಪಿ ಕಂಪನಿಯ ಲೇಸರ್‌ಜೆಟ್ ಅನ್ನುವ ಲೇಸರ್ ಪ್ರಿಂಟರ್ ಮಾರುಕಟ್ಟೆಗೆ ಬಂತು. ಅದರೊಳಗಿದ್ದದ್ದು ಕ್ಯಾನನ್ ಕಂಪನಿಯ ಮುದ್ರಣ ಎಂಜಿನ್. ಇಂಚಿಗೆ 300 ಚುಕ್ಕೆ, ನಿಮಿಷಕ್ಕೆ 8 ಪುಟ. ಕಚೇರಿಯ ಮೇಜಿನ ಮೇಲೆ ಅಚ್ಚುಕೂಟದ ಗುಣಮಟ್ಟಕ್ಕೆ ಹತ್ತಿರದ ಅಕ್ಷರ ಸಿಕ್ಕಿತು. ಕಾಗದ ಚೆನ್ನಾಗಿ ಬಂದ ಮೇಲೆ ಲಕೋಟೆಯೂ ಹಾಗೇ ಬರಲಿ ಅಂತ ಎಲ್ಲರಿಗೂ ಅನಿಸಿತು. ಆದರೆ ಲೇಸರ್ ಪ್ರಿಂಟರ್‌ನ ಒಳದಾರಿ ಲಕೋಟೆಗೆ ಕಠಿಣ. ರೋಲರ್ ಎತ್ತಬೇಕು, ಅಕ್ಷರ ಮೂಡಿಸುವ ಡ್ರಮ್ ಕೆಳಗೆ ಹಾಯಬೇಕು. ಕೊನೆಗೆ ಟೋನರ್ ಪುಡಿಯನ್ನು ಕರಗಿಸಿ ಕಾಗದಕ್ಕೆ ಕೂರಿಸುವ ಫ್ಯೂಸರ್‌ನಲ್ಲಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎರಡು ರೋಲರ್‌ಗಳ ನಡುವೆ ಒತ್ತಿಸಿಕೊಳ್ಳಬೇಕು. ಆ ಒತ್ತಡದಲ್ಲಿ ಲಕೋಟೆಯ ಒಳಗಿನ ಗಾಳಿ ಹಿಂದಕ್ಕೆ ಓಡುತ್ತದೆ. ಹಿಂದಿನ ಮೂಲೆ ಸುಕ್ಕಾಗುತ್ತದೆ. ಕಾಗದದಲ್ಲಿ ತೇವ ಇದ್ದರೆ ಮುಚ್ಚಳ ಅಂಟಿಕೊಂಡೇ ಹೊರಬರುತ್ತದೆ. ಕಿಟಕಿಯ ಪ್ಲಾಸ್ಟಿಕ್ ಶಾಖಕ್ಕೆ ಹೊಂದದಿದ್ದರೆ ಒಳಗೇ ಕರಗುತ್ತದೆ.

ಇದೆಲ್ಲ ತಯಾರಕರಿಗೆ ಗೊತ್ತಿತ್ತು. ಅದಕ್ಕೇ ಎಷ್ಟೋ ಪ್ರಿಂಟರ್‌ಗಳ ಹಿಂಬದಿಗೆ ಒಂದು ಬಾಗಿಲು ಇಟ್ಟರು. ಅದನ್ನು ತೆರೆದರೆ ಲಕೋಟೆ ತಿರುವು ಹಾಕದೆ ನೇರವಾಗಿ ಹೊರಬರುತ್ತದೆ. ಕೆಲವು ಮಾದರಿಗಳಿಗೆ ಲಕೋಟೆಯನ್ನು ಒಂದೊಂದಾಗಿ ಒಳಗೆ ಕೊಡುವ ಪ್ರತ್ಯೇಕ ಫೀಡರ್ ಕೂಡ ಬಂತು. ಲೇಸರ್‌ಜೆಟ್ 4000 ಸರಣಿಯ ಫೀಡರ್ 75 ಲಕೋಟೆ ಹಿಡಿಯುತ್ತಿತ್ತು. ಅದಿಲ್ಲದವರಿಗೆ ಉಳಿದದ್ದು ಬಹುಬಳಕೆಯ ಟ್ರೇ. ಅದರಲ್ಲಿ ಸಾಮಾನ್ಯವಾಗಿ ಹತ್ತು ಲಕೋಟೆಗಿಂತ ಹೆಚ್ಚು ಇಡಬೇಡಿ ಅಂತ ಕೈಪಿಡಿಗಳು ಹೇಳುತ್ತಿದ್ದವು. ಗಾಳಿ ತೆಗೆಯಿರಿ, ಒಳಗೆ ಹೋಗುವ ಅಂಚನ್ನು ಪೆನ್ನಿನಿಂದ ಉಜ್ಜಿ ಚೂಪು ಮಾಡಿ, ಆ ಅಂಚಿನಲ್ಲಿ ಎರಡು ಪದರಕ್ಕಿಂತ ಜಾಸ್ತಿ ಇರುವ ಲಕೋಟೆ ಬೇಡ ಅಂತಲೂ ಬರೆದಿರುತ್ತಿದ್ದರು. ಎಲ್ಲವೂ ಸರಿಯಾದ ಸಲಹೆಗಳೇ. ಆದರೆ ಒಮ್ಮೆ ಯೋಚಿಸಿ. ಐನೂರು ಲಕೋಟೆ ಮುದ್ರಿಸಬೇಕಾದವರು ಹತ್ತತ್ತರಂತೆ ಐವತ್ತು ಸಲ ಟ್ರೇ ತುಂಬಬೇಕು, ಪ್ರತಿ ಅಂಚನ್ನೂ ಉಜ್ಜಬೇಕು. ಯಂತ್ರ ಮಾಡಬೇಕಾದ ಕೆಲಸ ನಿಧಾನವಾಗಿ ಬಳಸುವವರ ಕೈಗೆ ಬಂದು ಕೂತದ್ದು ಹೀಗೆ.

ಒಮ್ಮತ ಎಷ್ಟು ಕಡಿಮೆ ಇತ್ತು ಅನ್ನುವುದಕ್ಕೆ ಸಾಕ್ಷಿ ಬೇಕಿದ್ದರೆ ಮೈಕ್ರೋಸಾಫ್ಟ್ ವರ್ಡ್‌ನ ಲಕೋಟೆ ಆಯ್ಕೆಗಳನ್ನು ತೆರೆಯಿರಿ. ಅಲ್ಲಿ ಆರು ಪುಟ್ಟ ಚಿತ್ರಗಳಿವೆ. ಲಕೋಟೆ ಎಡಕ್ಕೆ ಒತ್ತಿಕೊಂಡು ಹೋಗಬೇಕೇ, ನಡುವೆಯೇ, ಬಲಕ್ಕೆಯೇ? ಉದ್ದಕ್ಕೇ, ಅಡ್ಡಕ್ಕೇ? ಅದರ ಜೊತೆಗೆ ಮುಖ ಮೇಲಿರಬೇಕೇ ಕೆಳಗಿರಬೇಕೇ ಅನ್ನುವ ಆಯ್ಕೆ, ತಿರುಗಿಸಿ ಮುದ್ರಿಸುವ ಇನ್ನೊಂದು ಗುರುತು. ಪ್ರಿಂಟರ್ ಪ್ರಿಂಟರ್‌ಗೂ ಲಕೋಟೆ ಹಿಡಿಯುವ ರೀತಿ ಬೇರೆ. ಹೀಗಿರುವಾಗ ಎಲ್ಲಕ್ಕೂ ಹೊಂದುವ ಒಂದೇ ಟ್ರೇ ಮಾಡಲು ಸಾಧ್ಯವೇ ಇರಲಿಲ್ಲ. ಹೊಂದಿಸಿಕೊಳ್ಳಬಹುದಾದ ಆಸರೆಗೆ ಬೇಡಿಕೆ ಬಂದದ್ದು ಇಲ್ಲಿಂದ.

ಆಸರೆಯಲ್ಲಿ ಮುಖ್ಯವಾಗಿ ಎರಡು ಬಗೆ. ಎರಡನ್ನೂ ಸ್ಟ್ಯಾಂಡ್ ಅಂತಲೇ ಕರೆಯುವುದರಿಂದ ಗೊಂದಲ ಜಾಸ್ತಿ.

ಮೊದಲನೆಯದು ಬಾಲಕ್ಕೆ ಕೊಡುವ ಆಸರೆ. ಡಿಎಲ್ ಲಕೋಟೆ 110 ಮಿಲಿಮೀಟರ್ ಅಗಲ, 220 ಮಿಲಿಮೀಟರ್ ಉದ್ದ. ಸಿ4 ಅಂದರೆ 229ಕ್ಕೆ 324. ಇಂಥದ್ದನ್ನು ಚಿಕ್ಕ ಅಂಚು ಮುಂದೆ ಮಾಡಿ ಕೊಟ್ಟರೆ ಮುಕ್ಕಾಲು ಪಾಲು ಹೊರಗೇ ಉಳಿಯುತ್ತದೆ. ಹೊರಗಿನ ತೂಕ ಕೆಳಕ್ಕೆ ಎಳೆಯುತ್ತದೆ, ಮುಂದಿನ ಅಂಚು ಮೇಲಕ್ಕೆ ಏಳುತ್ತದೆ. ರೋಲರ್ ಹಿಡಿಯುವ ಹೊತ್ತಿಗೆ ಒಂದು ಮೂಲೆ ಮುಂದೆ, ಒಂದು ಮೂಲೆ ಹಿಂದೆ. ಪ್ರಿಂಟರ್‌ನ ಬಾಯಿಯ ಎತ್ತರಕ್ಕೆ ಸರಿಯಾಗಿ ಆ ಹೊರಗಿನ ಭಾಗದ ಕೆಳಗೆ ಒಂದು ಹಲಗೆ ನಿಲ್ಲಿಸಿದರೆ ಈ ವಾರೆ ಬಹುಮಟ್ಟಿಗೆ ನಿಲ್ಲುತ್ತದೆ. ಒಂದೊಂದು ಪ್ರಿಂಟರ್‌ಗೆ ಬಾಯಿ ಒಂದೊಂದು ಎತ್ತರದಲ್ಲಿ ಇರುವುದರಿಂದ ಕಾಲಿನ ಎತ್ತರ ಬದಲಾಗುವಂತಿರಬೇಕು. ಹೊರಬರುವ ಕಡೆಗೂ ಇದೇ ಮಾತು. ಹಿಂಬಾಗಿಲಿನಿಂದ ಬಂದ ಲಕೋಟೆ ಬಿಸಿಯಾಗಿರುತ್ತದೆ. ಸುಮ್ನೆ ಕೆಳಗೆ ಬೀಳಲು ಬಿಟ್ಟರೆ ಬಾಗಿದ ಹಾಗೇ ತಣ್ಣಗಾಗುತ್ತದೆ.

ಎರಡನೆಯದು ಕಟ್ಟಿಗೆ ಕೊಡುವ ಆಸರೆ, ಅಂದರೆ ವೆಡ್ಜ್. ಇದು ಬೇಕಾಗುವುದು ಕಟ್ಟಿನ ಅಡಿಯಿಂದ ಒಂದೊಂದೇ ಲಕೋಟೆ ಎಳೆಯುವ ಫ್ರಿಕ್ಷನ್ ಫೀಡರ್‌ಗಳಿಗೆ. ಕೆಳಗೆ ರಬ್ಬರ್ ಬೆಲ್ಟ್ ಇಲ್ಲವೇ ರೋಲರ್ ತಿರುಗುತ್ತದೆ. ಎದುರಿಗೆ ಒಂದು ಗೇಟ್. ಗೇಟಿನ ಸಂದಿಯನ್ನು ಒಂದು ಲಕೋಟೆ ದಾಟುವಷ್ಟು, ಎರಡು ದಾಟದಷ್ಟು ಇಟ್ಟಿರುತ್ತಾರೆ. ರಬ್ಬರ್ ಮತ್ತು ಕಾಗದದ ನಡುವಿನ ಹಿಡಿತ, ಕಾಗದ ಮತ್ತು ಕಾಗದದ ನಡುವಿನ ಹಿಡಿತಕ್ಕಿಂತ ಹೆಚ್ಚಿದ್ದರೆ ಮಾತ್ರ ಅಡಿಯದ್ದು ಒಂದೇ ಬಿಡಿಸಿಕೊಂಡು ಹೋಗುತ್ತದೆ. ಈ ಲೆಕ್ಕವನ್ನು ಕೆಡಿಸುವುದು ಮೇಲಿನ ತೂಕ. ಇಡೀ ಕಟ್ಟು ಅಡಿಯ ಲಕೋಟೆಯ ಮೇಲೆ ಕೂತರೆ ಲಕೋಟೆಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಎರಡೆರಡು ಹೋಗುತ್ತವೆ. ವೆಡ್ಜ್ ಕಟ್ಟಿನ ಹಿಂಭಾಗವನ್ನು ಎತ್ತಿ ಹಿಡಿದು ಆ ತೂಕದ ಒಂದು ಪಾಲನ್ನು ತಾನು ಹೊರುತ್ತದೆ. ಮುಂದಿನ ಅಂಚುಗಳು ಗೇಟಿಗೆ ಒರಗಿ ಮೆಟ್ಟಿಲಾಗಿ ಬಿಡಿಸಿಕೊಳ್ಳುತ್ತವೆ.

ಹೊಂದಾಣಿಕೆಯ ಸೂಕ್ಷ್ಮ ಇರುವುದೂ ಇಲ್ಲೇ. ವೆಡ್ಜನ್ನು ತೀರ ಮುಂದಕ್ಕೆ ತಂದರೆ ಬೆಲ್ಟಿಗೆ ಲಕೋಟೆ ಸಿಗುವುದೇ ಇಲ್ಲ, ಯಂತ್ರ ಖಾಲಿ ತಿರುಗುತ್ತದೆ. ತೀರ ಹಿಂದಕ್ಕೆ ಸರಿಸಿದರೆ ಭಾರವೆಲ್ಲ ಅಡಿಗೆ ಬೀಳುತ್ತದೆ. ಸರಿಯಾದ ಜಾಗ ಲಕೋಟೆಯ ಉದ್ದ, ದಪ್ಪ, ಅಂಟಿಸಿದ ರೀತಿಯ ಮೇಲೆ ನಿಂತಿರುತ್ತದೆ. ನಡುವೆ ಅಂಟಿಸಿದ ಲಕೋಟೆ ನಡುವೆ ಉಬ್ಬುತ್ತದೆ. ಪಕ್ಕದಲ್ಲಿ ಅಂಟಿಸಿದ್ದು ಪಕ್ಕದಲ್ಲಿ ಏಳುತ್ತದೆ. ಹಾಗಾಗಿ ಒಳ್ಳೆಯ ಆಸರೆ ಬರೀ ಮುಂದೆ ಹಿಂದೆ ಸರಿದರೆ ಸಾಲದು, ಅದರ ಕೋನವೂ ಬದಲಾಗಬೇಕು. ಒಮ್ಮೆ ಹೊಂದಿಸಿದ ಮೇಲೆ ಯಂತ್ರದ ನಡುಕಕ್ಕೆ ಕದಲಬಾರದು. ನೋಡಲು ಒಂದು ತಗಡಿನ ತುಂಡು, ಒಂದು ತಿರುಪು, ಅಷ್ಟೇ. ಆದರೆ ಇಡೀ ಕೆಲಸ ಸಲೀಸಾಗುವುದೂ ಕೆಡುವುದೂ ಅದರ ಮೇಲೆ. ಅಷ್ಟು ಮುಖ್ಯವಾದ ಭಾಗವನ್ನು ಬೇಕಾದರೆ ಕೊಳ್ಳಿ ಅನ್ನುವ ಬಿಡಿ ಸಾಮಾನಿನ ಪಟ್ಟಿಗೆ ಸೇರಿಸಿದ್ದು ಸರಿಯಲ್ಲ ಅಂತ ಈ ಕೆಲಸ ಮಾಡುವ ಯಾರಿಗಾದರೂ ಅನಿಸದೆ ಇರದು.

ದೊಡ್ಡ ಪ್ರಮಾಣದಲ್ಲಿ ಟಪಾಲು ಕಳಿಸುವವರು ಬೇರೆ ದಾರಿ ಹಿಡಿದರು. ಇಂಕ್‌ಜೆಟ್ ತಲೆಗಳ ಕೆಳಗೆ ಲಕೋಟೆ ನೇರ ಸಾಲಿನಲ್ಲಿ ಓಡುವ ವಿಳಾಸ ಮುದ್ರಣ ಯಂತ್ರಗಳು ಬಂದವು. ಅಲ್ಲಿ ಬಿಸಿಯೂ ಇಲ್ಲ, ತಿರುವೂ ಇಲ್ಲ. ಆದರೂ ಫೀಡರ್, ಗೇಟ್, ವೆಡ್ಜ್ ಮೂರೂ ಉಳಿದುಕೊಂಡವು. ಮುದ್ರಿಸುವ ವಿಧಾನ ಏನೇ ಆಗಲಿ, ಕಟ್ಟಿನಿಂದ ಒಂದನ್ನು ಬೇರ್ಪಡಿಸುವ ಕಷ್ಟ ಅದೇ ಅಲ್ವಾ? ಇತ್ತ ಸಣ್ಣ ಅಚ್ಚುಕೂಟಗಳು ಬಣ್ಣದ ಡಿಜಿಟಲ್ ಪ್ರಿಂಟರ್ ಮುಂದೆ ಹೊರಗಿನ ಫೀಡರ್ ನಿಲ್ಲಿಸಿ ಕೆಲಸ ನಡೆಸುತ್ತಿವೆ. ಅಲ್ಲಿ ಎರಡು ಯಂತ್ರಗಳು ಬೇರೆ ಬೇರೆ ಕಾಲಿನ ಮೇಲೆ ನಿಂತಿರುತ್ತವೆ. ಸಾಲು ಒಂದಿಷ್ಟು ತಪ್ಪಿದರೂ ಪ್ರತಿ ಲಕೋಟೆಯಲ್ಲೂ ಅಚ್ಚು ಓರೆ ಬೀಳುತ್ತದೆ.

ಲಕೋಟೆ ಮಾಡುವವರು ಅದನ್ನು ಮಡಚುವ ಯಂತ್ರಕ್ಕೆ ತಕ್ಕಂತೆ ಮಾಡುತ್ತಾರೆ. ಪ್ರಿಂಟರ್ ಮಾಡುವವರು ಬಿಡಿ ಹಾಳೆಗೆ ತಕ್ಕಂತೆ ಮಾಡುತ್ತಾರೆ. ಅವರವರ ಲೆಕ್ಕದಲ್ಲಿ ಇಬ್ಬರೂ ಸರಿ. ಐಎಸ್‌ಒ 269 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಲಕೋಟೆಗಳ ಹೆಸರು ಮತ್ತು ಅಳತೆಗೆಂದೇ ಬಂದದ್ದು. ಡಿಎಲ್, ಸಿ5, ಸಿ6 ಅಂದರೆ ಎಷ್ಟು ಉದ್ದಗಲ ಅಂತ ಅದರಿಂದ ತಿಳಿಯಿತು. ಪ್ರಿಂಟರ್‌ಗೆ ಉದ್ದಗಲ ಅಷ್ಟೇ ಸಾಲದು. ಅಂಟು ಎಲ್ಲಿ, ಮುಂದಿನ ಅಂಚಿನಲ್ಲಿ ಎಷ್ಟು ಪದರ, ಮುಚ್ಚಳ ಎಷ್ಟು ಆಳ ಅನ್ನುವುದನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿದರೂ ಸಾಕು, ವೆಡ್ಜ್ ಎಲ್ಲಿಡಬೇಕು ಅಂತ ಅರ್ಧ ಗೊತ್ತಾಗಿಬಿಡುತ್ತದೆ.

ಅಲ್ಲಿಯವರೆಗೆ ಕೈಯಳತೆಯೇ ಗತಿ. ಮೊದಲು ಪಕ್ಕದ ಗೈಡ್‌ಗಳನ್ನು ಲಕೋಟೆಗೆ ತಾಗುವಷ್ಟು, ಒತ್ತದಷ್ಟು ತನ್ನಿ. ಆಮೇಲೆ ಗೇಟಿನ ಸಂದಿ. ಸ್ಟ್ಯಾಂಡಿನ ಕೋನ ಕೊನೆಗೆ. ಕಟ್ಟು ಇಳಿಯುತ್ತಾ ಬಂದ ಹಾಗೆ ತೂಕ ಕಡಿಮೆಯಾಗುತ್ತದೆ, ಮೊದಲ ನೂರಕ್ಕೆ ಸರಿ ಇದ್ದ ಜಾಗ ಕೊನೆಯ ಇಪ್ಪತ್ತಕ್ಕೆ ಸರಿ ಇರುವುದಿಲ್ಲ. ಅದಕ್ಕೇ ಅನುಭವ ಇರುವವರು ಕಟ್ಟು ಪೂರ್ತಿ ಖಾಲಿಯಾಗಲು ಬಿಡದೆ ನಡುನಡುವೆ ಸ್ವಲ್ಪ ಸ್ವಲ್ಪವೇ ತುಂಬುತ್ತಾ ಹೋಗುತ್ತಾರೆ.