ಪಿಎಚ್‌ಡಿ ಇದೆ ಅಂತಾನೇ ಕೆಲಸ ಸಿಗ್ತಿಲ್ಲ, ರೆಸ್ಯೂಮ್‌ನಿಂದ ತೆಗೆದುಬಿಡ್ಲಾ?

ಈ ಪ್ರಶ್ನೆನ ತುಂಬಾ ಜನ ಕೇಳ್ತಾರೆ. ಮಾಸ್ಟರ್ಸ್ ಆಯ್ತು, ಪಿಎಚ್‌ಡಿನೂ ಆಯ್ತು, ಅಪ್ಲಿಕೇಶನ್ ಹಾಕಿ ಹಾಕಿ ಸಾಕಾಗಿದೆ, ದೊಡ್ಡ ಪೋಸ್ಟಿಗೆ ಹೋದ್ರೆ ಅನುಭವ ಇಲ್ಲ ಅಂತಾರೆ, ಚಿಕ್ಕ ಪೋಸ್ಟಿಗೆ ಹೋದ್ರೆ ನೀವು ತುಂಬಾ ಓದಿದೀರ ಅಂತಾರೆ, ಹಂಗಾದ್ರೆ ಡಿಗ್ರಿನೇ ಕಿತ್ತು ಹಾಕಿದ್ರೆ ಆಗಲ್ವಾ ಅಂತ.

ನೇರವಾಗಿ ಹೇಳ್ತೀನಿ. ಅರ್ಜಿ ಫಾರ್ಮ್‌ನಲ್ಲಿ ಓದಿನ ಬಗ್ಗೆ ಕೇಳಿದ್ರೆ ಮುಚ್ಚಿಡ್ಲೇಬೇಡಿ. ರೆಸ್ಯೂಮ್‌ನಲ್ಲಿ ಮಾತ್ರ ಅದನ್ನ ತಲೆ ಮೇಲಿಂದ ಇಳಿಸಿ ಕೊನೆಗೆ ಹಾಕಿ. ಎರಡೂ ಒಂದೇ ಅಲ್ಲ.

ಮುಚ್ಚಿಟ್ರೆ ಏನಾಗತ್ತೆ ಅನ್ನೋದಕ್ಕೆ 2020ರಲ್ಲಿ ಭಾರತದ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪೇ ಇದೆ. ಒಂದು ಬ್ಯಾಂಕು ಪ್ಯೂನ್ ಹುದ್ದೆಗೆ ಅರ್ಜಿ ಕರೆದಾಗ ಪದವೀಧರರು ಬೇಡ ಅಂತ ಮೊದಲೇ ಹೇಳಿತ್ತು, ಡಿಗ್ರಿ ಆಗಿದ್ದ ಒಬ್ರು ಅದನ್ನ ತೋರಿಸದೇ ಅರ್ಜಿ ಹಾಕಿ ಆಯ್ಕೆನೂ ಆದ್ರು, ಆಮೇಲೆ ಗೊತ್ತಾಗಿ ಬ್ಯಾಂಕು ಆಯ್ಕೆ ರದ್ದು ಮಾಡ್ತು. ಹೈಕೋರ್ಟಿನಲ್ಲಿ ಅವ್ರು ಗೆದ್ರೂ ಸುಪ್ರೀಂ ಕೋರ್ಟ್ ಬ್ಯಾಂಕಿನ ಪರವೇ ನಿಲ್ತು. ಕಷ್ಟಪಟ್ಟು ಓದಿದವ್ರಿಗೆ ಇದನ್ನ ಓದಿದ್ರೆ ಹೊಟ್ಟೆ ಉರಿಯತ್ತೆ, ನನಗೂ ಉರಿಯತ್ತೆ, ಆದ್ರೆ ಇರೋದು ಹಂಗೆ.

ಈಗ ಕೆಲಸ ಕೊಡೋರು ಜಾಸ್ತಿ ಓದಿದವ್ರನ್ನ ಕಂಡ್ರೆ ಯಾಕೆ ಹೆದರ್ತಾರೆ ಅಂತ ನೋಡೋಣ, ಯಾಕಂದ್ರೆ ಅದು ಅರ್ಥ ಆಗದೇ ರೆಸ್ಯೂಮ್ ಎಷ್ಟು ಸಲ ತಿದ್ದಿದ್ರೂ ಉಪಯೋಗ ಇಲ್ಲ. ಅಮೆರಿಕದ ನ್ಯೂ ಲಂಡನ್ ಅನ್ನೋ ಊರಲ್ಲಿ ಪೊಲೀಸ್ ಕೆಲಸಕ್ಕೆ ಬಂದ ಒಬ್ರು ಬುದ್ಧಿಮತ್ತೆ ಟೆಸ್ಟಿನಲ್ಲಿ 33 ಅಂಕ ತಗೊಂಡ್ರು, ಅಲ್ಲಿ ಕರೀತಿದ್ದದ್ದು 20ರಿಂದ 27ರೊಳಗೆ ಬಂದವ್ರನ್ನ ಮಾತ್ರ, ಹಂಗಾಗಿ ಇವ್ರನ್ನ ಇಂಟರ್‌ವ್ಯೂಗೇ ಕರೀಲಿಲ್ಲ! ಜಾಸ್ತಿ ಬುದ್ಧಿವಂತ್ರಿಗೆ ಬೇಜಾರಾಗಿ ಟ್ರೈನಿಂಗ್ ಮುಗಿದ ಕೂಡ್ಲೇ ಬಿಟ್ಟು ಹೋಗ್ತಾರೆ, ಟ್ರೈನಿಂಗ್ ಖರ್ಚು ದಂಡ ಅಂತ ಆ ಊರಿನ ಆಡಳಿತದ ವಾದ. 2000ದಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟ್ ಕೂಡ ಇದ್ರಲ್ಲಿ ತಪ್ಪಿಲ್ಲ ಅಂದ್ಬಿಡ್ತು. ಅಂದ್ರೆ ಎದುರಿಗೆ ಕೂತವ್ರು ನಿಮ್ಮ ಯೋಗ್ಯತೆ ಮೇಲೆ ಅನುಮಾನ ಪಡ್ತಿಲ್ಲ. ನೀವು ಉಳೀತೀರಾ, ಸಂಬಳ ಜಾಸ್ತಿ ಕೇಳ್ತೀರಾ, ಕಮ್ಮಿ ಓದಿರೋ ಮ್ಯಾನೇಜರ್ ಮಾತು ಕೇಳ್ತೀರಾ, ಇಷ್ಟೇ ಅವ್ರ ತಲೆಲಿ ಓಡ್ತಿರೋದು.

ಅರ್ಥಶಾಸ್ತ್ರಜ್ಞ ಮೈಕಲ್ ಸ್ಪೆನ್ಸ್ 1973ರಲ್ಲೇ ಇದಕ್ಕೆ ಹತ್ತಿರದ ಮಾತು ಹೇಳಿದ್ರು, 2001ರಲ್ಲಿ ಅವ್ರಿಗೆ ನೊಬೆಲ್ ಬಂತು. ಕೆಲಸ ಕೊಡೋರಿಗೆ ನಿಮ್ಮ ಸಾಮರ್ಥ್ಯ ಕಣ್ಣಿಗೆ ಕಾಣಲ್ಲ, ಅದಕ್ಕೆ ಡಿಗ್ರಿನ ಒಂದು ಸೂಚನೆ ಅಂತ ಓದ್ತಾರೆ ಅಂತ. ನನ್ನ ಪ್ರಕಾರ ತೊಂದ್ರೆ ಇಲ್ಲೇ ಇರೋದು, ಪಿಎಚ್‌ಡಿ ಅಂದ್ರೆ ಕಾಲೇಜಿನವ್ರಿಗೆ "ಈತ ನಮ್ಮವ್ನು" ಅಂತ ಕಾಣತ್ತೆ, ಕಂಪನಿಯವ್ರಿಗೆ "ಈತ ಕಾಲೇಜಿನವ್ನು, ಇಲ್ಲಿ ನಿಲ್ಲಲ್ಲ" ಅಂತ ಕಾಣತ್ತೆ. ಕಾಲೇಜಿನಲ್ಲೋ ಸೀಟೇ ಇಲ್ಲ. ಲೆಕ್ಕ ಹಾಕಿ ನೋಡಿ, ಒಬ್ಬ ಗೈಡ್ ತನ್ನ ಸರ್ವೀಸಿನಲ್ಲಿ ಹತ್ತು ಜನಕ್ಕೆ ಪಿಎಚ್‌ಡಿ ಮಾಡಿಸಿದ್ರು ಅಂದ್ಕೊಳ್ಳಿ, ಅವ್ರು ರಿಟೈರ್ ಆದಾಗ ಖಾಲಿ ಆಗೋದು ಒಂದೇ ಕುರ್ಚಿ. ಹೊಸ ಹುದ್ದೆ ಸೃಷ್ಟಿ ಆಗದೇ ಇದ್ರೆ ಉಳಿದ ಒಂಬತ್ತು ಜನ ಹೊರಗೇ ಹೋಗ್ಬೇಕು. ಇದು ನಿಮ್ಮ ತಪ್ಪಲ್ಲ ರೀ, ದಯವಿಟ್ಟು ರಾತ್ರಿ ಎಲ್ಲಾ ಕೂತು ನನ್ನಲ್ಲೇ ಏನೋ ಕೊರತೆ ಇದೆ ಅಂತ ಕೊರಗಬೇಡಿ.

ಸರಿ, ರೆಸ್ಯೂಮ್‌ಗೆ ಬರೋಣ. ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡಿದವ್ರು ಒಂದು ಟೆಸ್ಟಿಂಗ್ ಲ್ಯಾಬ್ ಕೆಲಸಕ್ಕೆ ಅರ್ಜಿ ಹಾಕ್ತಾರೆ ಅಂತಿಟ್ಕೊಳ್ಳಿ. ಮೊದಲ ಸಾಲಲ್ಲೇ "ಡಾಕ್ಟರೇಟ್, ನೀರಿನಲ್ಲಿನ ಭಾರಲೋಹಗಳ ಅಧ್ಯಯನ", ಕೆಳಗೆ ಪೇಪರ್‌ಗಳ ಉದ್ದ ಪಟ್ಟಿ. ಓದೋರಿಗೆ ಇದ್ರಿಂದ ಏನೂ ಗೊತ್ತಾಗಲ್ಲ. ಅದೇ ವ್ಯಕ್ತಿ ಮಾಡಿರೋ ಕೆಲಸ ಏನು? ಸ್ಯಾಂಪಲ್ ತಂದಿದಾರೆ, ಮೆಷಿನ್ ಕ್ಯಾಲಿಬ್ರೇಟ್ ಮಾಡಿದಾರೆ, ಏನೂ ಇರಬಾರದ ಬ್ಲಾಂಕ್ ಸ್ಯಾಂಪಲ್‌ನಲ್ಲೇ ಸೀಸ ಕಾಣಿಸ್ಕೊಂಡಾಗ ಗ್ಲಾಸ್‌ವೇರ್‌ನ ಆಸಿಡ್‌ನಲ್ಲಿ ಸರಿಯಾಗಿ ತೊಳೆದಿಲ್ಲ ಅಂತ ಪತ್ತೆ ಹಚ್ಚಿ ಇಡೀ ಬ್ಯಾಚ್ ಮತ್ತೆ ಮಾಡಿದಾರೆ, ಜೂನಿಯರ್‌ಗಳಿಗೆ ಮೆಷಿನ್ ಕಲಿಸಿದಾರೆ. ಇದನ್ನ ಮೇಲೆ ಬರೀರಿ. ಲ್ಯಾಬ್ ಮ್ಯಾನೇಜರ್‌ಗೆ ಆ ಗ್ಲಾಸ್‌ವೇರ್ ಸಾಲು ಓದಿದ ತಕ್ಷಣ ಇವ್ರು ಕೆಲಸ ಗೊತ್ತಿರೋರು ಅಂತ ಅನ್ಸತ್ತೆ. ರಿಸರ್ಚ್ ಮಾಡಿದ ವರ್ಷಗಳನ್ನ "ಓದು" ಅಂತ ಹಾಕದೇ "ಅನುಭವ" ಅಂತಾನೇ ಹಾಕಿ, ಅದು ಸುಳ್ಳಲ್ಲ, ನೀವು ದಿನಾ ಹೋಗಿ ದುಡಿದಿದೀರ.

ಇಂಟರ್‌ವ್ಯೂನಲ್ಲಿ "ಇಷ್ಟು ಓದಿ ಇಲ್ಲಿಗೆ ಯಾಕೆ" ಅಂತ ಕೇಳೇ ಕೇಳ್ತಾರೆ. "ಯಾವ್ದಾದ್ರೂ ಸರಿ ಸರ್, ಕೆಲಸ ಬೇಕು" ಅನ್ಬೇಡಿ, ಅವ್ರ ಭಯ ಅದ್ರಿಂದ ಜಾಸ್ತಿನೇ ಆಗತ್ತೆ. ಈ ಕೆಲಸದ ಯಾವ ಭಾಗ ಇಷ್ಟ, ಎಷ್ಟು ವರ್ಷ ಇರೋ ಯೋಚನೆ, ಹೇಳಿರೋ ಸಂಬಳ ಒಪ್ಪಿಗೆನಾ, ಮೂರನ್ನೂ ಅವ್ರು ಕೇಳೋಕೆ ಮೊದ್ಲೇ ಹೇಳ್ಬಿಡಿ. ಒಪ್ಪಿಗೆ ಇಲ್ಲ ಅಂದ್ರೆ ಒಪ್ಪಿಗೆ ಅನ್ಬೇಡಿ ಮತ್ತೆ. ಇನ್ನೊಂದು, 2009ರಲ್ಲಿ ಟರ್ಕಿಯ ಬಟ್ಟೆ ಅಂಗಡಿಗಳಲ್ಲಿ ನಡೆದ ಒಂದು ಅಧ್ಯಯನದಲ್ಲಿ, ತಾವು ಮಾಡೋ ಕೆಲಸಕ್ಕಿಂತ ತಮ್ಮ ಅರ್ಹತೆ ಹೆಚ್ಚು ಅಂದ್ಕೊಂಡಿದ್ದವ್ರ ಸೇಲ್ಸ್ ಚೆನ್ನಾಗೇ ಇತ್ತು, ಸ್ವಂತವಾಗಿ ನಿರ್ಧಾರ ಮಾಡೋ ಅವಕಾಶ ಸಿಕ್ಕವ್ರಲ್ಲಿ ಬಿಟ್ಟು ಹೋಗೋ ಮನಸ್ಸೂ ಅಷ್ಟಾಗಿ ಇರಲಿಲ್ಲ. ಹಂಗಾಗಿ ಕೈಕಟ್ಟಿ ಹಾಕದ ಜಾಗ ಹುಡ್ಕಿ, ಬಹುಶಃ ಚಿಕ್ಕ ಸಂಸ್ಥೆಗಳಲ್ಲಿ ಅದು ಸ್ವಲ್ಪ ಬೇಗ ಸಿಗತ್ತೆ.

ಸರಿಯಾದ ಹುದ್ದೆ ಬರೋವರೆಗೂ ಸುಮ್ನೆ ಕಾಯೋದು ಮಾತ್ರ ಬೇಡ. 2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಸಾವಿರಾರು ಕಲ್ಪಿತ ರೆಸ್ಯೂಮ್ ಕಳ್ಸಿ ನೋಡಿದ್ರು, ಖಾಲಿ ಕೂತ ಅವಧಿ ಹೆಚ್ಚಾದಷ್ಟೂ ಕರೆ ಬರೋದು ಕಮ್ಮಿ ಆಗ್ತಾ ಹೋಯ್ತು, ಅದ್ರಲ್ಲೂ ಹೆಚ್ಚಿನ ಕುಸಿತ ಮೊದಲ 8 ತಿಂಗಳಲ್ಲೇ. ಆದ್ರಿಂದ ಪಾರ್ಟ್‌ಟೈಮ್ ಪಾಠ, ಅನುವಾದ, ಡೇಟಾ ಕೆಲಸ, ನಿಮ್ಮ ವಿಷಯಕ್ಕೆ ಹತ್ತಿರ ಇರೋ ಏನಾದ್ರೂ ಒಂದು ಹಿಡಿದು ಆ ಖಾಲಿ ಜಾಗ ತುಂಬ್ಸಿ, ಮತ್ತೆ ನಿಮ್ಮ ಲ್ಯಾಬ್ ಬಿಟ್ಟು ಹೊರಗೆ ಕೆಲಸಕ್ಕೆ ಸೇರಿರೋ ಹಳೇ ಸೀನಿಯರ್‌ಗೆ ಇವತ್ತೇ ಒಂದು ಮೆಸೇಜ್ ಹಾಕಿ, ಕೆಲಸ ಕೊಡ್ಸಿ ಅಂತ ಬೇಡ, ಅಲ್ಲಿ ದಿನಾ ಏನು ಕೆಲಸ ಇರತ್ತೆ, ಒಳಗೆ ಹೋಗಿದ್ದು ಹೆಂಗೆ ಅಂತ ಕೇಳಿ.