ಪದ ಪರಿಚಯ: ಗಾಲ್ಫ್ ಬಗ್ಗಿಯ ಬ್ಯಾಟರಿಯಲ್ಲಿ ಬಿಎಂಎಸ್

ಗಾಲ್ಫ್ ಬಗ್ಗಿಗೆ (ಬ್ಯಾಟರಿಯಲ್ಲಿ ಓಡುವ ಪುಟ್ಟ ತೆರೆದ ಗಾಡಿ) ಲಿಥಿಯಂ ಬ್ಯಾಟರಿ ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಎಷ್ಟು ಎಎಚ್?’ (ಆಂಪಿಯರ್-ಅವರ್, ಅಂದರೆ ಎಷ್ಟು ಚಾರ್ಜು ಹಿಡಿಯುತ್ತದೆ) ಅಂತ. ಅದಕ್ಕೂ ಮೊದಲು ಕೇಳಬೇಕಾದದ್ದು, ಒಳಗಿರುವ ಬಿಎಂಎಸ್ ಎಷ್ಟು ಆಂಪಿಯರ್ ತಾಳುತ್ತದೆ ಎಂದು.

ಬಿಎಂಎಸ್ ಅಂದರೆ ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್. ಪ್ಯಾಕಿನೊಳಗೆ ಕೂತ ಈ ಸರ್ಕ್ಯೂಟ್ ಬೋರ್ಡು ಪ್ರತಿ ಸೆಲ್ಲಿನ ವೋಲ್ಟೇಜು, ಒಟ್ಟು ಕರೆಂಟು ಮತ್ತು ಬಿಸಿಯನ್ನು ಸದಾ ಅಳೆಯುತ್ತಿರುತ್ತದೆ. ಯಾವುದೇ ಒಂದು ಮಿತಿ ಮೀರಿದರೂ ಪ್ಯಾಕನ್ನು ಕಡಿತಗೊಳಿಸುತ್ತದೆ. ಹಳೆಯ ಲೆಡ್ ಆಸಿಡ್ ಬ್ಯಾಟರಿಗೆ ಇಂಥದ್ದು ಬೇಕಿರಲಿಲ್ಲ. ಚಾರ್ಜು ಸ್ವಲ್ಪ ಹೆಚ್ಚಾದರೆ ನೀರು ಇಳಿಯುತ್ತಿತ್ತು, ಡಿಸ್ಟಿಲ್ಡ್ ವಾಟರ್ ಹಾಕಿದರೆ ಸರಿಹೋಗುತ್ತಿತ್ತು. ಲಿಥಿಯಂ ಸೆಲ್ ಅಷ್ಟು ಸಹನೆಯದಲ್ಲ.

‘48 ವೋಲ್ಟ್’ ಎಂದು ಮಾರುವ ಪ್ಯಾಕಿನಲ್ಲಿ ಸಾಮಾನ್ಯವಾಗಿ 16 ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳು ಸೀರೀಸ್‌ನಲ್ಲಿರುತ್ತವೆ. ಒಂದಕ್ಕೆ 3.2 ವೋಲ್ಟಿನಂತೆ ಒಟ್ಟು 51.2. ಪೂರ್ತಿ ಚಾರ್ಜಾದಾಗ ಸೆಲ್ಲಿಗೆ 3.65, ಪ್ಯಾಕಿಗೆ 58.4. ಕೆಳಗಿನ ಮಿತಿ ಸೆಲ್ಲಿಗೆ 2.5, ಪ್ಯಾಕಿಗೆ 40. ಆದರೆ ಬಿಎಂಎಸ್ ಕಾಯುವುದು ಬಿಡಿ ಸೆಲ್ಲನ್ನು. 15 ಸೆಲ್‌ಗಳು 3.4ರಲ್ಲೇ ಇದ್ದು ಒಂದು ಮಾತ್ರ 3.65 ದಾಟಿತು ಅನ್ನಿ, ಮೀಟರು 54.7 ತೋರಿಸುವಾಗಲೇ ಚಾರ್ಜಿಂಗ್ ನಿಂತುಹೋಗುತ್ತದೆ. ಓಟ ಕಡಿಮೆಯಾಯಿತು ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಈ ಏರುಪೇರೇ. ಮುಂದೆ ಓಡಿದ ಸೆಲ್ಲಿನ ಚಾರ್ಜನ್ನು ಬಿಎಂಎಸ್ ಪುಟ್ಟ ರೆಸಿಸ್ಟರ್ ಮೂಲಕ ಕರಗಿಸಿ ಸಮ ಮಾಡುತ್ತದೆ. ಆ ಕರೆಂಟು ಬಹಳ ಸಣ್ಣದು, ಕೆಲಸವೂ ಪ್ಯಾಕ್ ಹೆಚ್ಚುಕಡಿಮೆ ತುಂಬಿದಾಗ ಮಾತ್ರ ನಡೆಯುತ್ತದೆ. ಹಾಗಾಗಿ ದಿನವೂ 80 ಶೇಕಡಕ್ಕೇ ನಿಲ್ಲಿಸುವವರು ತಿಂಗಳಿಗೊಮ್ಮೆಯಾದರೂ ಪೂರ್ತಿ ಚಾರ್ಜು ಮಾಡಿ, ಕೆಲವು ಗಂಟೆ ಚಾರ್ಜರಿನಲ್ಲೇ ಬಿಡಬೇಕು.

ಇನ್ನು ಆಂಪಿಯರ್. ಮೋಟಾರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಕಂಟ್ರೋಲರ್ ಮೇಲೆ 300 ಅಥವಾ 400 ಆಂಪಿಯರ್ ಎಂದು ಬರೆದಿದ್ದರೆ, ನಾಲ್ಕು ಜನರನ್ನು ಕೂರಿಸಿ ದಿಬ್ಬ ಹತ್ತಿಸುವಾಗ ಅದು ಕೆಲವು ಸೆಕೆಂಡು ಅಷ್ಟನ್ನೂ ಎಳೆಯಬಹುದು. ಬಿಎಂಎಸ್ 100 ಆಂಪಿಯರಿನದಾದರೆ ಗಾಡಿ ದಿಬ್ಬದ ನಡುವೆಯೇ ಸತ್ತಂತೆ ನಿಲ್ಲುತ್ತದೆ. ನಿರಂತರ ಎಷ್ಟು, ಗರಿಷ್ಠ ಎಷ್ಟು, ಆ ಗರಿಷ್ಠವನ್ನು ಎಷ್ಟು ಸೆಕೆಂಡು ತಾಳುತ್ತದೆ ಎಂಬ ಮೂರನ್ನೂ ಬರಹದಲ್ಲೇ ಪಡೆಯಿರಿ. 12 ವೋಲ್ಟಿನ ನಾಲ್ಕು ಲಿಥಿಯಂ ಬ್ಯಾಟರಿಗಳನ್ನು ಸೀರೀಸ್‌ಗೆ ಹಾಕುವುದು ಅಗ್ಗವಾಗಿ ಕಂಡರೂ ಒಳ್ಳೆಯ ಆಯ್ಕೆಯಲ್ಲ: ನಾಲ್ಕು ಬಿಎಂಎಸ್‌ಗಳಿಗೆ ಒಂದಕ್ಕೊಂದು ಸಂಪರ್ಕವಿರುವುದಿಲ್ಲ, ಒಂದು ಕಡಿದರೆ ಇಡೀ ಗಾಡಿ ನಿಲ್ಲುತ್ತದೆ.

ಇಳಿಜಾರಿನ ಸಮಸ್ಯೆ ಹೆಚ್ಚು ಅಪಾಯದ್ದು. ಎಸಿ ಮೋಟಾರಿನ ಬಗ್ಗಿಗಳಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಮೋಟಾರೇ ಗಾಡಿಯನ್ನು ಹಿಡಿದು ಕರೆಂಟನ್ನು ಬ್ಯಾಟರಿಗೆ ಮರಳಿಸುತ್ತದೆ. ತುಂಬಿದ ಪ್ಯಾಕಿನಲ್ಲಿ ಅದಕ್ಕೆ ಜಾಗವಿಲ್ಲ. ಬಿಎಂಎಸ್ ಕಡಿದರೆ ಆ ಹಿಡಿತವೂ ತಪ್ಪಿ ಗಾಡಿ ದಿಢೀರನೆ ಜೋರಾಗುತ್ತದೆ. ಚಾರ್ಜಿಂಗ್ ಶೆಡ್ಡು ಗುಡ್ಡದ ತಲೆಯಲ್ಲಿದ್ದರೆ 90 ಶೇಕಡಕ್ಕೆ ನಿಲ್ಲಿಸುವುದು ಲೇಸು, ಕಾಲಿನ ಬ್ರೇಕೂ ಚೆನ್ನಾಗಿರಲಿ.

ಹಳೆಯ ಲೆಡ್ ಆಸಿಡ್ ಚಾರ್ಜರ್ ಬಳಸಬೇಡಿ. ಸೆಲ್ಲುಗಳನ್ನು ಸಮ ಮಾಡಲು ವೋಲ್ಟೇಜು ಏರಿಸುವ ಅದರ ಈಕ್ವಲೈಸ್ ಹಂತ 58.4 ವೋಲ್ಟ್ ದಾಟಬಹುದು. ತೀರಾ ಖಾಲಿಯಾಗಿ ಬಿಎಂಎಸ್ ಕಡಿದ ಪ್ಯಾಕಿನ ಟರ್ಮಿನಲ್‌ನಲ್ಲಿ ವೋಲ್ಟೇಜೇ ಇರುವುದಿಲ್ಲ. ಅಂಥದ್ದನ್ನು ಎಬ್ಬಿಸುವ ಸೌಲಭ್ಯವಿಲ್ಲದ ಚಾರ್ಜರ್ ಬ್ಯಾಟರಿಯೇ ಇಲ್ಲವೆಂದು ಸುಮ್ಮನಿರುತ್ತದೆ. ಡ್ಯಾಶ್‌ಬೋರ್ಡಿನ ಹಳೆಯ, ವೋಲ್ಟೇಜು ನೋಡಿ ಚಾರ್ಜು ಹೇಳುವ ಮೀಟರನ್ನೂ ಬದಲಿಸಿ: 80ರಿಂದ 30 ಶೇಕಡಕ್ಕೆ ಇಳಿಯುವವರೆಗೂ ವೋಲ್ಟೇಜು ಹೆಚ್ಚು ಕದಲುವುದಿಲ್ಲ, ಶಂಟ್ (ಹರಿಯುವ ಕರೆಂಟನ್ನು ಅಳೆಯುವ ಪಟ್ಟಿ) ಇರುವ ಮೀಟರೇ ಬೇಕು. ಹೆಡ್‌ಲೈಟಿಗೆ 12 ವೋಲ್ಟ್ ಬೇಕಾದರೆ ಡಿಸಿ ಕನ್ವರ್ಟರ್ ಹಾಕಿಸಿ.

ಹೊಸ ಪ್ಯಾಕ್ ಜೋಡಿಸಿ ಕೀ ತಿರುಗಿಸಿದ ಕೂಡಲೇ ಬಿಎಂಎಸ್ ಟ್ರಿಪ್ ಆದರೆ ಸೊಲೆನಾಯ್ಡಿನ (ಬ್ಯಾಟರಿಯನ್ನು ಕಂಟ್ರೋಲರಿಗೆ ಜೋಡಿಸುವ ದೊಡ್ಡ ಸ್ವಿಚ್ಚು) ಎರಡು ದಪ್ಪ ಬೋಲ್ಟುಗಳ ನಡುವಿನ, ಮೊದಲು ಕರೆಂಟನ್ನು ಮೆಲ್ಲಗೆ ಬಿಡುವ ಪ್ರೀಚಾರ್ಜ್ ರೆಸಿಸ್ಟರ್ ಸುಟ್ಟಿದೆಯೇ ನೋಡಿ. ಅದಿಲ್ಲದಿದ್ದರೆ ಕಂಟ್ರೋಲರಿನ ಕೆಪಾಸಿಟರ್‌ಗಳು ಒಮ್ಮೆಲೇ ಎಳೆಯುವ ಕರೆಂಟನ್ನು ಬಿಎಂಎಸ್ ಶಾರ್ಟ್ ಎಂದೇ ಎಣಿಸುತ್ತದೆ.

ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜು ಮಾಡಿದರೆ ಸೆಲ್ಲಿನೊಳಗೆ ಲಿಥಿಯಂ ಲೋಹವಾಗಿ ಕೂರುತ್ತದೆ, ಅದು ವಾಪಸಾಗುವ ಹಾನಿಯಲ್ಲ. ನಮ್ಮಲ್ಲಿ ತೊಂದರೆ ಬಿಸಿಲಿನದು. ಹಂಪಿಯ ವಿಠ್ಠಲ ದೇವಸ್ಥಾನದ ದಾರಿಯಂಥ ಕಡೆ ಮಧ್ಯಾಹ್ನವೆಲ್ಲ ಓಡುವ ಬ್ಯಾಟರಿ ಗಾಡಿಯಲ್ಲಿ ಲಿಥಿಯಂ ಪ್ಯಾಕ್ ಇದ್ದರೆ, ನೆರಳಲ್ಲಿ ನಿಲ್ಲಿಸಿ ಪ್ಯಾಕಿನ ಮೇಲಿನ ಸೀಟು ಎತ್ತಿಟ್ಟು, ಆರಿದ ಮೇಲೆ ಚಾರ್ಜಿಗೆ ಹಾಕಬೇಕು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ 50–60 ಶೇಕಡ ಚಾರ್ಜು ಇಟ್ಟು, ಟೋ-ರನ್ ಸ್ವಿಚ್ಚನ್ನು (ಓಡಿಸಲು ರನ್, ಗಾಡಿಯನ್ನು ಎಳೆದೊಯ್ಯಲು ಟೋ) ಟೋಗೆ ಹಾಕಿ, ಪ್ಯಾಕಿನ ಮೇನ್ ಸ್ವಿಚ್ ಆಫ್ ಮಾಡಿ. ಬಿಎಂಎಸ್ ಕೂಡ ಚೂರುಚೂರೇ ಕರೆಂಟು ತಿನ್ನುತ್ತದೆ.

ಪದೇ ಪದೇ ಟ್ರಿಪ್ ಆಗುತ್ತಿದೆಯೆಂದು ಬಿಎಂಎಸ್ ಬೈಪಾಸ್ ಮಾಡಿಕೊಡುವ ಮೆಕ್ಯಾನಿಕ್‌ಗಳಿದ್ದಾರೆ. ಒಪ್ಪಬೇಡಿ. ತೀರಾ ಕೆಳಕ್ಕಿಳಿದ ಸೆಲ್ಲಿನಲ್ಲಿ ತಾಮ್ರದ ಹಾಳೆ ಕರಗತೊಡಗುತ್ತದೆ, ಮತ್ತೆ ಚಾರ್ಜು ಮಾಡಿದಾಗ ಅದೇ ತಾಮ್ರ ಒಳಗೆ ಶಾರ್ಟ್ ಮಾಡಬಹುದು. ಬಿಎಂಎಸ್ ಆ್ಯಪ್‌ನಲ್ಲಿ ಯಾವುದಾದರೂ ಸೆಲ್ 2 ವೋಲ್ಟಿಗಿಂತ ಕೆಳಗೆ ಕಂಡರೆ ಚಾರ್ಜಿಗೆ ಹಾಕದೆ ಪ್ಯಾಕನ್ನು ಇಳಿಸಿ, ಕೊಟ್ಟವರಿಗೇ ಒಪ್ಪಿಸಿ.