ಪದ ಪರಿಚಯ: ಪ್ರಯಾಣಾವಧಿಯ ವಿಶ್ವಾಸಾರ್ಹತೆ

ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರಕ್ಕೆ ಎಷ್ಟು ಹೊತ್ತು ಬೇಕು ಎಂದು ಬೆಂಗಳೂರಿನವರನ್ನು ಕೇಳಿ ನೋಡಿ. "ಮುಕ್ಕಾಲು ಗಂಟೆ ಅಂದ್ಕೊಳ್ಳಿ, ಆದ್ರೆ ಹೇಳಕ್ಕಾಗಲ್ಲ" ಎನ್ನುತ್ತಾರೆ. ಆ "ಹೇಳಕ್ಕಾಗಲ್ಲ" ಎಷ್ಟು ನಿಮಿಷದ್ದು ಎಂದು ಅಳೆಯುವುದಕ್ಕೆ ಸಾರಿಗೆ ಎಂಜಿನಿಯರುಗಳು ಇಟ್ಟಿರುವ ಹೆಸರು ಟ್ರಾವೆಲ್ ಟೈಮ್ ರಿಲಯಬಿಲಿಟಿ. ಕನ್ನಡದಲ್ಲಿ ಪ್ರಯಾಣಾವಧಿಯ ವಿಶ್ವಾಸಾರ್ಹತೆ. ಅದೇ ದಾರಿಯಲ್ಲಿ ಅದೇ ಹೊತ್ತಿಗೆ ಹೊರಟರೂ ತಲುಪುವ ಸಮಯ ದಿನದಿಂದ ದಿನಕ್ಕೆ ಎಷ್ಟು ಏರಿಳಿಯುತ್ತದೆ ಎಂಬುದು ಇದರ ತಿರುಳು.

ನಿಧಾನದ ರಸ್ತೆ ಬೇರೆ, ನೆಚ್ಚಿಕೊಳ್ಳಲಾಗದ ರಸ್ತೆ ಬೇರೆ. ದಿನವೂ ಒಂದು ಗಂಟೆಯೇ ಹಿಡಿಯುವ ದಾರಿ ಬೇಸರದ್ದು, ಆದರೆ ಅದಕ್ಕೆ ತಕ್ಕಂತೆ ಹೊರಡಬಹುದು. ಇವತ್ತು 35, ನಾಳೆ 90 ನಿಮಿಷ ಹಿಡಿಯುವ ದಾರಿಯನ್ನು ನಂಬಿ ರೈಲು ಹಿಡಿಯಲು ಹೊರಡುವಂತಿಲ್ಲ.

ಲೆಕ್ಕ ತಿಳಿಯಲು ಒಂದು ಕಾಲ್ಪನಿಕ ಪಟ್ಟಿ ನೋಡೋಣ. ಒಬ್ಬರು 20 ಕೆಲಸದ ದಿನ ಬೆಳಿಗ್ಗೆ 8:30ಕ್ಕೆ ಹೊರಟು, ಹಿಡಿದ ನಿಮಿಷಗಳನ್ನು ಬರೆದು, ಏರಿಕೆ ಕ್ರಮದಲ್ಲಿ ಜೋಡಿಸಿದ್ದಾರೆ: 46, 47, 48, 48, 49, 50, 50, 51, 52, 52, 52, 54, 55, 56, 58, 60, 64, 70, 82, 116. ಸರಾಸರಿ 58. ಆದರೆ ಮಧ್ಯಾಂಕ, ಅಂದರೆ ಪಟ್ಟಿಯ ನಟ್ಟನಡುವಿನ ಸಂಖ್ಯೆ, 52 ಮಾತ್ರ. ಕೊನೆಯ ಮೂರ್ನಾಲ್ಕು ದಿನಗಳೇ ಸರಾಸರಿಯನ್ನು ಮೇಲಕ್ಕೆ ಎಳೆದಿವೆ. ಬೇಗ ತಲುಪುವುದಕ್ಕೆ ಒಂದು ಮಿತಿ ಇದೆ, ತಡವಾಗುವುದಕ್ಕೆ ಇಲ್ಲ. ಹಾಗಾಗಿ ಇಂಥ ಪಟ್ಟಿಗೆ ಬಾಲ, ಅಂದರೆ ಉಳಿದವುಗಳಿಂದ ದೂರ ಚಾಚಿದ ಕೆಲವು ಸಂಖ್ಯೆಗಳು, ಸಾಮಾನ್ಯವಾಗಿ ತಡದ ಕಡೆಗೇ.

ಈ ಪಟ್ಟಿಯಲ್ಲಿ 19ನೆಯ ಸಂಖ್ಯೆ 82. ಅದೇ 95ನೇ ಪರ್ಸೆಂಟೈಲ್: 82 ನಿಮಿಷ ಇಟ್ಟುಕೊಂಡು ಹೊರಟರೆ 20ರಲ್ಲಿ 19 ದಿನ ಹೊತ್ತಿಗೆ ಸರಿಯಾಗಿ ಮುಟ್ಟುತ್ತೀರಿ, ಅಂದರೆ ತಿಂಗಳಿಗೆ ಒಂದು ದಿನ ತಡ. 82ರಲ್ಲಿ ಸರಾಸರಿ 58 ಕಳೆದರೆ ಉಳಿಯುವ 24 ನಿಮಿಷವೇ ಬಫರ್ ಟೈಮ್, ಅಂದರೆ ಕೈಯಲ್ಲಿ ಇಟ್ಟುಕೊಳ್ಳಬೇಕಾದ ಹೆಚ್ಚುವರಿ ಹೊತ್ತು. ಅದನ್ನು ಸರಾಸರಿಯಿಂದ ಭಾಗಿಸಿದರೆ ಬಫರ್ ಇಂಡೆಕ್ಸ್, ಇಲ್ಲಿ ಶೇ. 41. ಇನ್ನೊಂದು ಅಳತೆ ಪ್ಲಾನಿಂಗ್ ಟೈಮ್ ಇಂಡೆಕ್ಸ್. ಇದೇ ದಾರಿ ರಾತ್ರಿ ಖಾಲಿ ಇದ್ದಾಗ 28 ನಿಮಿಷ ಹಿಡಿಯುತ್ತದೆ ಎನ್ನಿ. 82ನ್ನು 28ರಿಂದ ಭಾಗಿಸಿದರೆ 2.9. ಖಾಲಿ ರಸ್ತೆಯ ಹೆಚ್ಚುಕಡಿಮೆ ಮೂರು ಪಟ್ಟು ಹೊತ್ತನ್ನು ನೀವು ಎತ್ತಿಡಬೇಕು.

ಅಳತೆಗೋಲನ್ನು ಆಯ್ದುಕೊಳ್ಳುವಾಗ ಹುಷಾರಾಗಿರಬೇಕು. ಅಮೆರಿಕದ ಫೆಡರಲ್ ಹೆದ್ದಾರಿ ಆಡಳಿತದ ನಿಯಮದಲ್ಲಿ 80ನೇ ಪರ್ಸೆಂಟೈಲನ್ನು 50ನೆಯದರಿಂದ ಭಾಗಿಸುತ್ತಾರೆ, 1.5ಕ್ಕಿಂತ ಕಡಿಮೆ ಬಂದರೆ ರಸ್ತೆ ನಂಬಿಕೆಗೆ ಅರ್ಹ. ನಮ್ಮ ಪಟ್ಟಿಗೆ ಹಚ್ಚಿದರೆ 16ನೆಯ ಸಂಖ್ಯೆ 60 ಭಾಗಿಸು ಮಧ್ಯಾಂಕ 52, ಅಂದರೆ 1.15. ಆರಾಮಾಗಿ ಪಾಸು! 116 ನಿಮಿಷ ಸಿಕ್ಕಿಹಾಕಿಕೊಂಡವರು ಇದನ್ನು ಒಪ್ಪಲಿಕ್ಕಿಲ್ಲ. ಆ ಸೂತ್ರ ಕೆಟ್ಟ ನಾಲ್ಕು ದಿನಗಳತ್ತ ನೋಡುವುದೇ ಇಲ್ಲ.

ಬಾಲ ಬೆಳೆಯುವುದು ಏಕೆ? ಅಪಘಾತ, ಕೆಟ್ಟು ನಿಂತ ಲಾರಿ, ರಸ್ತೆ ಅಗೆತ, ಮಳೆ, ಜಾತ್ರೆ-ಮೆರವಣಿಗೆ, ಸಿಗ್ನಲ್ ಕೈಕೊಡುವುದು, ಉದ್ದ ವಾರಾಂತ್ಯದ ಹಿಂದಿನ ಸಂಜೆ. ಇವೆಲ್ಲ ಎಲ್ಲ ಊರಲ್ಲೂ ಇವೆ. ಏಟು ಜೋರಾಗುವುದು ರಸ್ತೆ ಮೊದಲೇ ತುಂಬಿದ್ದಾಗ. ಒಂದು ದಿಕ್ಕಿಗೆ ಮೂರು ಲೇನ್ ಇರುವ ಹೆದ್ದಾರಿಯಲ್ಲಿ ಒಂದು ಲೇನ್ ಮುಚ್ಚಿದರೆ ರಸ್ತೆಯ ಸಾಮರ್ಥ್ಯದ ಮೂರನೇ ಒಂದು ಪಾಲು ಹೋಯಿತು ಎಂದುಕೊಳ್ಳುತ್ತೇವೆ. ನಿಜಕ್ಕೂ ಹೋಗುವುದು ಸುಮಾರು ಅರ್ಧ, ಏಕೆಂದರೆ ಪಕ್ಕದ ಲೇನಿಗೆ ನುಗ್ಗುವವರೂ ಇಣುಕಿ ನೋಡುವವರೂ ಉಳಿದ ಎರಡನ್ನೂ ನಿಧಾನ ಮಾಡುತ್ತಾರೆ. ಲಾರಿ ಎಳೆದು ಪಕ್ಕಕ್ಕೆ ಹಾಕಿದ ಮೇಲೂ ಸಾಲು ತಕ್ಷಣ ಕರಗದು. ಮಧ್ಯಾಹ್ನ ಮೂರಕ್ಕೆ ಹತ್ತು ನಿಮಿಷದಲ್ಲಿ ಕರಗುವ ಸಾಲು ಬೆಳಿಗ್ಗೆ ಒಂಬತ್ತಕ್ಕೆ ಗಂಟೆಗಟ್ಟಲೆ ಉಳಿಯುತ್ತದೆ, ಕರಗುವಷ್ಟೇ ವೇಗವಾಗಿ ಹಿಂದಿನಿಂದ ಹೊಸ ವಾಹನ ಬಂದು ಸೇರುತ್ತಿರುತ್ತವೆ. ಆದ್ದರಿಂದ ಬಫರ್ ಇಳಿಸುವ ಅಗ್ಗದ ದಾರಿ ಮೇಲ್ಸೇತುವೆಯಲ್ಲ, ಕೆಟ್ಟ ವಾಹನವನ್ನು ಬೇಗ ಎತ್ತುವ ಟೋಯಿಂಗ್ ವ್ಯವಸ್ಥೆ.

ನಿಮ್ಮ ದಾರಿಯ ಲೆಕ್ಕವನ್ನು ನೀವೇ ಹಾಕಬಹುದು. ಮನೆ ಬಾಗಿಲಿನಿಂದ ಕಚೇರಿಯ ಕುರ್ಚಿಯವರೆಗೆ ಬರೆದಿಡಿ. ಪಾರ್ಕಿಂಗ್ ಹುಡುಕಾಟ, ಲಿಫ್ಟಿನ ಸಾಲು ಎಲ್ಲ ಸೇರಬೇಕು. 8:00ಕ್ಕೆ ಹೊರಟ ದಿನವನ್ನೂ 9:15ರ ದಿನವನ್ನೂ ಒಂದೇ ಪಟ್ಟಿಗೆ ಹಾಕಬೇಡಿ. ಬರೆಯಬೇಕಾದ್ದು ನಿಜಕ್ಕೂ ಹಿಡಿದ ಸಮಯ, ಹೊರಡುವಾಗ ಫೋನಿನ ನಕ್ಷೆ ತೋರಿಸಿದ ಅಂದಾಜಲ್ಲ. ಗೂಗಲ್ ಮ್ಯಾಪ್ಸ್‌ನಲ್ಲಿ ನಾಳೆಯ ಹೊತ್ತು ಕೊಟ್ಟು ಹುಡುಕಿದರೆ "ಇಷ್ಟರಿಂದ ಇಷ್ಟು" ಎಂದು ಎರಡು ಸಂಖ್ಯೆ ಬರುತ್ತವೆ. ವಿಮಾನ ಹಿಡಿಯುವುದಿದ್ದರೆ ದೊಡ್ಡದನ್ನೇ ನೋಡಿ. ಎಲ್ಲರೂ ಎಡವುವುದು "ಅವತ್ತು ಮಳೆ ಇತ್ತು, ಲೆಕ್ಕಕ್ಕಿಲ್ಲ" ಎಂದು ಕೆಟ್ಟ ದಿನ ಬಿಟ್ಟುಬಿಡುವಲ್ಲಿ. ಮೇಲಿನ ಪಟ್ಟಿಯಿಂದ 82 ಮತ್ತು 116 ತೆಗೆದರೆ ಉಳಿದ 18 ದಿನಗಳ ಸರಾಸರಿ 53, ಅತಿ ಕೆಟ್ಟ ದಿನವೂ 70. ಅಳೆಯಲು ಹೊರಟಿದ್ದೇ ಕೈಬಿಟ್ಟುಹೋಯಿತು.

ಮೆಟ್ರೋ ಹತ್ತಿದರೆ ಟ್ರಾಫಿಕ್ಕಿನ ಏರಿಳಿತ ತಪ್ಪುತ್ತದೆ, ಆದರೆ ರೈಲುಗಳ ನಡುವಿನ ಅಂತರ ಲೆಕ್ಕಕ್ಕೆ ಬರುತ್ತದೆ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆ–ಬೊಮ್ಮಸಂದ್ರ ಹಳದಿ ಮಾರ್ಗ ಶುರುವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಮೆಟ್ಟಿಲಲ್ಲಿ ಅರ್ಧ ನಿಮಿಷ ತಡವಾದರೂ 25 ನಿಮಿಷ ಹೋಯಿತು. ನಮ್ಮ ಪಟ್ಟಿಯ 24 ನಿಮಿಷದ ಬಫರಿಗಿಂತ ಅದು ಒಂದು ನಿಮಿಷ ಜಾಸ್ತಿಯೇ.